ಟರ್ಬೊ ಕಾರಿಗೆ ಅಭಿಘಾರ

ಮುಂಬೈಯಲ್ಲಿ ಹೋಟೆಲಿಟ್ಟಿರುವ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಹೊಸ ಕಾರು ಕೊಂಡಾಗ ಹಳೆಯದನ್ನು ನಮಗೆ ಕಳಿಸಿದರು. ನನ್ನ ಮೇಲಿನ ಪ್ರೀತಿಗೇನಲ್ಲ. ತಂಗಿಗೆ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು. ಫೋನಿನಲ್ಲಿ ಒಂದೇ ಷರತ್ತು: "ಭಾವ, ಅದ್ ಟರ್ಬೊ. ಸಾದಾ ಪೆಟ್ರೋಲ್ ಹಾಕೂಕಾಗ. ತೊಂಬತ್ತೈದ್ ಆಕ್ಟೇನಿಂದೇ ಹಾಕ್ಕ್."

ಟ್ಯಾಂಕಿನ ಮುಚ್ಚಳದ ಒಳಗೂ ಅದನ್ನೇ ಬರೆದಿತ್ತು. ಆದರೆ ಕಾರು ಮಾಡಿದವರಿಗೆ ನನಗಿಂತ ಹೆಚ್ಚು ಗೊತ್ತಿರುತ್ತದೆ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ.

ನಾವು ಸಾಲಿಗ್ರಾಮದ ಕಡೆಯವರು. ಊಟಕ್ಕೆ ಕೂತವರ ಎಲೆಗೆ ಮೊದಲು ನಾಲ್ಕು ಹನಿ ತುಪ್ಪ ಬೀಳಬೇಕು, ಅದೇ ಅಭಿಘಾರ. ಅದಾದರೆ ಎಲೆಯಲ್ಲಿದ್ದದ್ದೆಲ್ಲ ಶುದ್ಧ. ಮದುವೆಮನೆಗಳಲ್ಲಿ ತುಪ್ಪದ ಮಿಳ್ಳೆ ಹಿಡಿಯುವುದರಲ್ಲಿ ನನಗೆ ಹೆಸರಿದೆ, ಒಂದೇ ಮಿಳ್ಳೆಯಲ್ಲಿ ಇನ್ನೂರು ಎಲೆ ದಾಟಿಸಬಲ್ಲೆ. ಅಂಥವನಿಗೆ ಟರ್ಬೊ ಏನು ಮಹಾ? ಕುಂದಾಪುರದ ಬಂಕಿನಲ್ಲಿ ಮೊದಲು ಎರಡು ಲೀಟರ್ ತೊಂಬತ್ತೈದು, ಅದರ ಮೇಲೆ ಇಪ್ಪತ್ತು ಲೀಟರ್ ಸಾದಾ. ಪಕ್ಕದಲ್ಲಿ ಕೂತ ಹೆಂಡತಿ ಎಲ್ಲ ನೋಡುತ್ತಿದ್ದಳು. ಬ್ರಹ್ಮಾವರಕ್ಕೂ ಮರವಂತೆಗೂ ಸಪಾಟು ಹೆದ್ದಾರಿಯಲ್ಲಿ ಕಾರು ಚೆನ್ನಾಗಿಯೇ ಓಡಿತು. ಭಾವ ಕೇಳಿದಾಗಲೆಲ್ಲ "ತೊಂಬತ್ತೈದೇ" ಎನ್ನುತ್ತಿದ್ದೆ. ಎರಡು ಲೀಟರಿನ ಮಟ್ಟಿಗೆ ಅದು ಸತ್ಯವೇ.

ಒಂದು ದಿನ ಅವಳ ಚಿಕ್ಕಮ್ಮನ ಮನೆಗೆಂದು ಅಮಾಸೆಬೈಲಿಗೆ ಹೊರಟೆವು. ಡಿಕ್ಕಿಯಲ್ಲಿ ಒಂದು ಮೂಟೆ ತೆಂಗಿನಕಾಯಿ. ಕೊನೆಯ ಏರಿನಲ್ಲಿ ಎಂಜಿನ್ನು ಡಬ್ಬಿಯಲ್ಲಿ ಹುಣಸೆಬೀಜ ಅಲ್ಲಾಡಿಸಿದ ಹಾಗೆ ಸದ್ದು ಮಾಡತೊಡಗಿತು. ಹಳದಿ ದೀಪ ಹತ್ತಿತು, ಎಳೆಯುವ ಶಕ್ತಿಯೇ ಹೋಯಿತು.

ಗುರುತಿನ ಮೆಕ್ಯಾನಿಕ್ಕಿಗೆ ಫೋನು ಮಾಡಿ ನನ್ನ ಅಭಿಘಾರ ಶಾಸ್ತ್ರವನ್ನು ಅರುಹಿದೆ. ಆತ ನಗಲಿಲ್ಲ, ಅದೇ ಅವಮಾನ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದಂತೆ. ಆ ಒತ್ತಡಕ್ಕೆ ಸಾದಾ ಪೆಟ್ರೋಲು ಹೊತ್ತಿಗೆ ಮೊದಲೇ ಸಿಡಿಯುತ್ತದಂತೆ, ತೊಂಬತ್ತೈದು ತಾಳಿಕೊಳ್ಳುತ್ತದಂತೆ. ಎರಡು ಲೀಟರ್ ಬೆರೆಸಿದ್ದು ಎಂಜಿನ್ನಿಗೆ ಗೊತ್ತೂ ಆಗುವುದಿಲ್ಲವಂತೆ. "ಈಗ ಭಾರ ಕಮ್ಮಿ ಮಾಡಿ, ನಿಧಾನ ಹತ್ಸಿ" ಎಂದ.

ಭಾರ ಯಾವುದೆಂದು ಸುತ್ತ ನೋಡಿದೆ. "ಏ, ನೀನ್ ಒಂಚೂರ್ ಇಳಿ" ಎಂದೆ.

ಅವಳು ಇಳಿದಳು. ಕಾರು ಕೊಸರಾಡುತ್ತ ಏರಿತು. ಮೇಲೆ ನಿಲ್ಲಿಸಿ ಕನ್ನಡಿಯಲ್ಲಿ ನೋಡಿದರೆ, ಒಂದು ಕೈ ಮೊಣಕಾಲಿನ ಮೇಲಿಟ್ಟು ನಾಲ್ಕು ಹೆಜ್ಜೆಗೊಮ್ಮೆ ನಿಂತು ಬರುತ್ತಿದ್ದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಕಾರು ಬಂದದ್ದೇ ಆ ಕಾಲಿಗಾಗಿ.

ಹತ್ತಿರ ಬಂದು ಕಿಟಕಿ ಹಿಡಿದು ಉಸಿರು ತೆಗೆದುಕೊಂಡಳು. "ಹ್ವಾಯ್, ಇಷ್ಟ್ ವರ್ಷ ನಂಗೂ ನೀವ್ ಬಡ್ಸಿದ್ದ್ ಬರೀ ಅಭಿಘಾರವೇ ಅಲ್ದಾ?"

ನಾನು ಇಳಿದು ಹೋಗಿ ಡಿಕ್ಕಿ ತೆಗೆದು ತೆಂಗಿನಕಾಯಿ ಮೂಟೆಯನ್ನು ಕೆಳಗಿಳಿಸಿದೆ. ಏರು ಆಗಲೇ ಮುಗಿದಿತ್ತು.