ಶಂಭು ಅಜ್ಜ ಕೇಳದ ದಾರಿ

ನನ್ನ ಗಂಡ ಲತೇಶನ ಅಜ್ಜ ಶಂಭು ಬಾಂಗ್ಲಾ ಯುದ್ಧದಲ್ಲಿ ಕಾಲಾಳು ಪಡೆಯಲ್ಲಿದ್ದವರು. ಗದ್ದೆಯ ಅಂಚಿನ ಹುಣಿಗೆ ಎದೆಯೊತ್ತಿ ಮಲಗಿದ್ದಾಗ ಶೆಲ್ಲಿನ ಚೂರೊಂದು ಎಡಗಾಲಿನ ಹಿಮ್ಮಡಿಗೆ ಹೊಕ್ಕಿತು. ಪಕ್ಕದಲ್ಲಿ ಮಲಗಿದ್ದ ಕೊಡಗಿನ ಹುಡುಗ ಮತ್ತೆ ಏಳಲಿಲ್ಲ. ಯುದ್ಧದ ಬಗ್ಗೆ ಅವರು ನನಗೆ ಹೇಳಿದ್ದು ಇಷ್ಟೇ. ಅದೂ ನಾನು ಮಗಳಿಗೆ ಅನ್ನ ತಿನ್ನಿಸುತ್ತಾ, ಒಂದು ಕಥೆ ಹೇಳಿ ಅಜ್ಜ ಎಂದದ್ದಕ್ಕೆ. ಮಗಳು ಬಾಯಿ ತೆರೆಯುವುದನ್ನೇ ನಿಲ್ಲಿಸಿದಳು. ಮತ್ತೆ ನಾನು ಕೇಳಲಿಲ್ಲ.

ಸೇನೆ ಬಿಟ್ಟು ಬಂದವರಿಗೆ ಸರ್ಕಾರ ವಾಮದಪದವಿನ ಹತ್ತಿರ ಎರಡು ಎಕರೆ ಗುಡ್ಡ ಮಂಜೂರು ಮಾಡಿತು. ಹಗೆ ಹುಟ್ಟಿದ್ದೂ ಅಲ್ಲಿಯೇ. ಆ ಗುಡ್ಡ ಪಕ್ಕದ ಜಾಗದ ಅನಂತರಾಜಣ್ಣನ ಮನೆಯವರ ಕುಮ್ಕಿ. ಪಟ್ಟಾ ಜಾಗಕ್ಕೆ ತಾಗಿದ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆ ತೆಗೆಯುವ ಹಕ್ಕು ಜಾಗದವರಿಗೆ ಉಂಟು. ತಲೆಮಾರು ಕಳೆದಂತೆ ನೆಲವೇ ತಮ್ಮದೆನಿಸುತ್ತದೆ. ಬಂದೂಕು ಹಿಡಿದವನಿಗೆ ನಮ್ಮ ಗುಡ್ಡವೇ ಬೇಕಾಯಿತಾ ಎಂದು ಅವರ ತಂದೆ ಗುಡ್ಡದಿಂದ ರಸ್ತೆಗೆ ಹೋಗುವ ದಾರಿಗೆ ತಡಮೆ ಹಾಕಿಸಿದರು. ಅಡ್ಡ ಕಟ್ಟಿದ ಮರ ಅದು. ದನ, ಗಾಡಿ ನುಗ್ಗುವುದಿಲ್ಲ; ಮನುಷ್ಯರು ಕಾಲೆತ್ತಿ ದಾಟಬೇಕು.

ಚೂರು ಹೊಕ್ಕ ಕಾಲನ್ನೆತ್ತಿ ಅಜ್ಜ ದಿನವೂ ದಾಟಿದರು. ಮನೆ ಕಟ್ಟುವ ಕೆಂಪುಕಲ್ಲನ್ನು ಒಂದೊಂದಾಗಿ ಹೊತ್ತು ದಾಟಿಸಿದರು. ಹೆರಿಗೆಗೆ ಹೊರಟ ಹೆಂಡತಿಯನ್ನು ಎತ್ತಿ ದಾಟಿಸಿದರು. ಒಂದು ಮಾತು ಕೇಳಿದ್ದರೆ ತೆಗೆಯುತ್ತಿದ್ದರೋ ಏನೋ. ಆದರೆ ಕೇಳುವುದೆಂದರೆ ದಾರಿ ಅವರದೆಂದು ಒಪ್ಪಿಕೊಂಡ ಹಾಗೆ. ಅವರ ದಯೆಯಿಂದ ಬಿಟ್ಟದ್ದನ್ನು ನಾಳೆ ಅವರೇ ಮುಚ್ಚಬಹುದು. ಅಜ್ಜ ಕೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ಆ ಹಿಮ್ಮಡಿ ಕೊಳೆಯತೊಡಗಿತು. ಸಕ್ಕರೆ ಕಾಯಿಲೆ ಬೇರೆ. ದಿನ ಬಿಟ್ಟು ದಿನ ಬಂಟ್ವಾಳದಲ್ಲಿ ಡ್ರೆಸ್ಸಿಂಗ್ ಆಗಬೇಕು, ಕಾಲು ನೆಲಕ್ಕೆ ಊರಲೇಬಾರದು, ಇಲ್ಲದಿದ್ದರೆ ಕತ್ತರಿಸಬೇಕಾದೀತು ಎಂದರು ಡಾಕ್ಟರು. ಲತೇಶ ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದ. ಆಸ್ಪತ್ರೆಗೆ ಒಯ್ಯಲು ಬರುವ ನೌಫಲನ ಆಟೋ ತಡಮೆಯ ಆಚೆ ನಿಲ್ಲುತ್ತಿತ್ತು. ಹೊರಲು ಜನ ಸಿಕ್ಕಿದ ದಿನ ಅಜ್ಜ ಕುರ್ಚಿಯಲ್ಲಿ ಹೋದರು, ಸಿಗದ ದಿನ ನಡೆದರು.

ಮಗಳನ್ನು ಎತ್ತಿಕೊಂಡು ನಾನೇ ಅನಂತರಾಜಣ್ಣನ ಮನೆಗೆ ಹೋದೆ. ಆಟೋ ಅಂಗಳದವರೆಗೆ ಬಂದರೆ ಸಾಕು ಎಂದೆ.

"ನಾನು ಬಿಡುದಿಲ್ಲ ಅಂತ ಹೇಳಿದ್ದುಂಟಾ?" ಎಂದರು. "ನಿನ್ನ ಅಜ್ಜ ಒಂದ್ಸಲ ಕೇಳ್ಲಿ. ಬರ್ಲಿಕ್ಕೆ ಆಗದಿದ್ರೆ ಫೋನಲ್ಲಿ ಕೇಳ್ಲಿ."

"ಈಗ ನಾನು ಕೇಳ್ತಾ ಇದ್ದೇನಲ್ಲ ಅಣ್ಣ."

"ನಿನ್ನತ್ರ ನಮಗೆ ಜಗಳ ಇಲ್ಲ ಮಗಳೇ."

ಅವರ ಹೆಂಡತಿ ತ್ರಿಶಲಕ್ಕ ಮಗುವಿನ ಕೈಗೆ ಬಾಳೆಹಣ್ಣು ಕೊಟ್ಟು, ಗಂಡನ ಮುಖ ನೋಡದೆ ಒಳಗೆ ಹೋದರು.

ಮನೆಗೆ ಬಂದು ನಂಬರು ಒತ್ತಿ ಫೋನನ್ನು ಅಜ್ಜನ ಮುಂದೆ ಹಿಡಿದೆ. ಅವರು ಅದನ್ನು ಕಟ್ ಮಾಡಿದರು. "ಕಾಲು ನನ್ನದು. ಅದಕ್ಕೆ ನೀನು ಬೇಡ್ಲಿಕ್ಕೆ ಹೋಗ್ಬೇಡ."

ನನಗೂ ಸಿಟ್ಟು ಬಂತು. ಕಾಲು ಹೋದರೆ ನಾಳೆ ಮಗುವನ್ನು ಎತ್ತುವುದು ಹೇಗೆ ಎಂದೆ.

"ಕೈ ಉಂಟಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಲತೇಶ ರಜೆ ಹಾಕಿ ಬಂದು ಹೋದ. ಬಿಡುಗಡೆಯಾದ ದಿನ ನೌಫಲನ ಆಟೋದಲ್ಲೇ ಊರಿಗೆ ಬಂದೆವು. ತಿರುವು ದಾಟಿ ನೋಡಿದರೆ ತಡಮೆ ಇರಲಿಲ್ಲ. ಕಂಬ ಕಿತ್ತ ಎರಡು ಗುಂಡಿಗಳಿಗೆ ಹಸಿ ಮಣ್ಣು ತುಂಬಿದ್ದರು. ಅಜ್ಜನ ಕಾಲು ಹೋದ ಸುದ್ದಿ ಕೇಳಿದಂದಿನಿಂದ ತ್ರಿಶಲಕ್ಕ ಗಂಡನ ಜೊತೆ ಮಾತು ಬಿಟ್ಟಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಅಜ್ಜ ಆಟೋ ನಿಲ್ಲಿಸಲು ಹೇಳಿ ನನ್ನನ್ನೇ ನೋಡಿದರು. "ಯಾರು ಕೇಳಿದ್ದು?"

"ನಾನಲ್ಲ."

"ಯಾರೂ ಕೇಳ್ಲಿಲ್ಲ ಅಜ್ಜ," ಎಂದ ನೌಫಲ್. "ನಿನ್ನೆ ಅವರೇ ಆಳು ಕರೆಸಿ ಕೀಳಿಸಿದ್ದು, ನಾನು ನೋಡಿದ್ದೇನೆ. ಹೋಗುವನಾ, ಅಲ್ಲ ಇಳಿದು ತನಿಖೆ ಮಾಡ್ತೀರಾ?"

ಅನಂತರಾಜಣ್ಣ ತಮ್ಮ ಅಂಗಳದ ತುದಿಯಲ್ಲಿ ನಿಂತಿದ್ದರು. ಏನೋ ಹೇಳುವವರಂತೆ ಒಂದು ಹೆಜ್ಜೆ ಮುಂದೆ ಬಂದರು. ಅಜ್ಜ ಅವರನ್ನು ಕಣ್ಣು ಮಿಟುಕಿಸದೆ ನೋಡಿ, "ಹೋಗುವ" ಎಂದರು.

ಮನೆಯೊಳಗೆ ಮಲಗಿಸಿ, ದಿಂಬು ಕೊಟ್ಟು, ಗಂಜಿ ಬೇಕಾ ಎಂದು ಕೇಳಿದೆ. ನಾಳೆ ಬೆಳಿಗ್ಗೆಯೇ ಒಂದು ಲೋಡು ಜಲ್ಲಿ ತರಿಸಿ ದಾರಿಗೆ ಹಾಕಿಸಬೇಕು ಎಂದರು. ಜಲ್ಲಿಯ ಮೇಲೆ ನಿಮ್ಮ ವೀಲ್‌ಚೇರ್ ಓಡುವುದಿಲ್ಲ ಎಂದೆ.

"ಅವರಿಗೆ ಕಂಬ ಊರ್ಲಿಕ್ಕೂ ಆಗುದಿಲ್ಲ."

ನಾನು ಜಲ್ಲಿಯವನಿಗೆ ಫೋನ್ ಮಾಡಿದೆ.