ಅತ್ತಿಗೆಗೆ ಒಗ್ಗದ ಇಂಜೆಕ್ಷನ್

ಮೊನ್ನೆ ಹಲ್ಲುನೋವು ಅಂತ ದಟ್ಟಗಳ್ಳಿಯ ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲಿನ ನರ್ಸ್ ಹುಡುಗಿ ಹತ್ತಿಗೆ ಸ್ಪಿರಿಟ್ ಹಾಕಿ ನನ್ನ ತೋಳು ಒರೆಸಿದಳು ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಟ್ಟು ಬಂದುಬಿಡ್ತು. ಆ ಹುಡುಗಿ ಮೇಲಲ್ಲ, ಪಾಪ. ನಮ್ಮ ಅತ್ತಿಗೆ ಮೇಲೆ. ಅವಳು ಹೋಗಿ ಎಷ್ಟೋ ಕಾಲವಾಯಿತು... ಸಿಟ್ಟು ಮಾತ್ರ ಇಳಿದಿಲ್ಲ.

ಅವಳು ಅಣ್ಣನ ಕೈಹಿಡಿದು ಚಾಮರಾಜಪುರಂನ ನಮ್ಮ ಮನೆಗೆ ಬಂದಾಗ ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ನಾನಿನ್ನೂ ಹೈಸ್ಕೂಲು. ಅವಳ ತೌರುಮನೆ ಒಂಟಿಕೊಪ್ಪಲಿನಲ್ಲಿ. ಬಾಯಿಸತ್ತ ಹೆಣ್ಣು ಅಂತಾರಲ್ಲ, ಹಾಗೆ. ಯಾರು ಏನಂದರೂ "ಆಯ್ತು ಬಿಡಿ" ಅನ್ನುವಳು. ಸೀದ ದೋಸೆಯನ್ನೆಲ್ಲ ತನ್ನ ತಟ್ಟೆಗೆ ಹಾಕಿಕೊಂಡು, ನನಗೆ ಇದೇ ಇಷ್ಟ ಅನ್ನುವಳು. ಸೀದ ದೋಸೆ ಯಾರಿಗಾದರೂ ಇಷ್ಟವಾಗುತ್ತೇನ್ರೀ?

ಒಂದು ಬೇಸಿಗೆಯಲ್ಲಿ ತಾರಸಿಯ ಮೇಲೆ ಸಂಡಿಗೆ ಇಡುತ್ತಾ ಅವಳೇ ನನಗೆ ಒಂದು ಗುಟ್ಟು ಹೇಳಿದಳು. ಮದುವೆಗೆ ಮುಂಚೆ ಕಾಲಿಗೆ ಕುರು ಎದ್ದಿತ್ತಂತೆ. ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೇ ಮೈಯೆಲ್ಲ ದದ್ದು, ತುಟಿ ಊದಿ, ಉಸಿರೇ ಸಿಕ್ಕಿಕೊಂಡಿತಂತೆ. ಡಾಕ್ಟರು ಹೇಗೋ ಉಳಿಸಿಕೊಂಡರು. ಅವಳ ಅಪ್ಪ ಮಾತ್ರ ಆವತ್ತೇ ಮನೆಯವರಿಗೆಲ್ಲ ತಾಕೀತು ಮಾಡಿದರಂತೆ, ಈ ಮಾತು ಹೊಸಲು ದಾಟಕೂಡದು ಅಂತ. ಹುಡುಗಿ ಉಸಿರು ಸಿಕ್ಕಿ ಬಿದ್ದಳು ಅಂದರೆ ಗಂಡಿನ ಕಡೆಯವರು ಮೂರ್ಛೆರೋಗ ಅಂತಲೇ ತಿಳೀತಾರೆ, ಅವಳ ಕಥೆ ಹಾಗಿರಲಿ, ತಂಗಿಗೂ ಗಂಡು ಸಿಗಲ್ಲ ಅಂತ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆ ಬೇರೆ ಇದೆಯಲ್ಲ ನಮ್ಮಲ್ಲಿ! ಆ ಗಾದೆ ಕಟ್ಟಿದವರು ಯಾರೋ, ಕೈಗೆ ಸಿಕ್ಕಿದ್ದರೆ...

ಆ ವರ್ಷವೇ ಅತ್ತಿಗೆಗೆ ಗಂಟಲು ಊದಿ ವಿಪರೀತ ಜ್ವರ ಬಂತು. ನಮ್ಮ ಡಾಕ್ಟರು ಸೈಕಲ್ ಮೇಲೆ ಬಂದರು. ಆಗೆಲ್ಲ ಡಾಕ್ಟರು ಸೊಸೆಯನ್ನು ಕೇಳಿದರೆ ಉತ್ತರ ಕೊಡುವವಳು ಅತ್ತೆ. ಬಸುರಿಯೇ, ಬೇರೆ ಏನು ಔಷಧಿ ನಡೀತಿದೆ, ಹಿಂದೆ ಪೆನಿಸಿಲಿನ್ ತಗೊಂಡಾಗ ಏನಾದರೂ ಆಗಿತ್ತೇ ಅಂತ ಅವರು ಒಂದೊಂದಾಗಿ ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ, ನಮ್ಮ ಸೊಸೆಗೆ ತಲೆನೋವು ಅಂತಲೂ ಬಂದಿದ್ದಿಲ್ಲ. ಗಟ್ಟಿಮುಟ್ಟು ಹುಡುಗಿ ಅಂತ ನೋಡೇ ತಂದ್ಕೊಂಡ್ವಿ" ಅಂದಳು ಅಮ್ಮ, ಬಾಗಿಲಲ್ಲಿ ನಿಂತು. ಅಮ್ಮನಿಗೇನು ಗೊತ್ತು? ಗೊತ್ತಿದ್ದವಳು ಹಾಸಿಗೆ ಮೇಲೆ ಕಣ್ಣು ಮುಚ್ಚಿಕೊಂಡು ಮಲಗಿದ್ದಳು. ಡಾಕ್ಟರು ಸಿರಿಂಜಿಗೆ ಔಷಧಿ ಎಳೆದುಕೊಂಡರು. ನನಗೆ ತಡೆಯಲಾಗಲಿಲ್ಲ.

"ಚುಚ್ಬೇಡಿ! ಅವಳಿಗೆ ಅದು ಆಗಲ್ಲ, ಹೋದ್ಸಲ ಸತ್ತೇ ಹೋಗ್ತಿದ್ಳು!" ಅಂತ ಕಿರುಚಿಬಿಟ್ಟೆ.

ಡಾಕ್ಟರು ಸಿರಿಂಜು ಕೆಳಗಿಟ್ಟು ಅತ್ತಿಗೆ ಮೇಲೆ ಕೆಂಡವಾದರು. "ನಾನೇನು ಶಾಸ್ತ್ರ ಹೇಳೋನಾ ತಾಯಿ, ಮುಖ ನೋಡಿ ತಿಳ್ಕೊಳ್ಳೋಕೆ? ಒಂದ್ಸಲ ಹೀಗಾದವರಿಗೆ ಮತ್ತೆ ಕೊಟ್ರೆ ಜೀವಕ್ಕೇ ಬರುತ್ತೆ. ಇನ್ಮೇಲೆ ಯಾವ ಡಾಕ್ಟ್ರ ಹತ್ರ ಹೋದ್ರೂ, ಅವರು ಕೇಳ್ದೆ ಇದ್ರೂ, ನೀನೇ ಬಾಯ್ಬಿಟ್ಟು ಹೇಳ್ಬೇಕು." ಅತ್ತಿಗೆ ತಲೆಯಾಡಿಸಿದಳು. ಅವರು ಬೇರೆ ಥರದ ಮಾತ್ರೆ ಕೊಟ್ಟು ಹೋದರು, ಜ್ವರವೂ ಇಳಿಯಿತು.

ಅಮ್ಮನ ಕೋಪ ಇಳಿಯಲಿಲ್ಲ. ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟಿಬಿಟ್ರು, ರೋಗಿಷ್ಟ ಹೆಣ್ಣು, ಅಂತ ಬಂದವರ ಮುಂದೆಲ್ಲ ಒಂದೇ ರಾಗ. ಅವಳು ಸೀನಿದರೂ ಸಾಕು, ಶುರು. ನಿಜ ಹೊರಗೆ ಬಂದದ್ದಕ್ಕೆ ಅವಳಿಗೆ ಸಿಕ್ಕ ಬಹುಮಾನ ಅದು.

"ನೀನು ಸುಮ್ನಿದ್ದಿದ್ರೆ ಚೆನ್ನಾಗಿತ್ತು ಕಣೇ" ಅಂದಳು ಒಂದು ದಿನ.

"ಸುಮ್ನಿದ್ದಿದ್ರೆ ನೀನಿರ್ತಿರ್ಲಿಲ್ಲ ಕಣೇ ಅತ್ತಿಗೆ!"

ಅದಕ್ಕೆ ನಕ್ಕಳು. ಅವಳ ಆ ನಗು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಒಂದೆರಡು ವರ್ಷದ ಮೇಲೆ ಅವಳ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಅಂತ ಒಂಟಿಕೊಪ್ಪಲಿಗೆ ಹೋದಳು. ಹೋದವಳು ರುಬ್ಬುವಾಗ ಬೆರಳು ಜಜ್ಜಿಕೊಂಡು, ಅದು ಕೀವಾಗಿ, ಕೈಯೆಲ್ಲ ಊದಿಕೊಂಡಿತ್ತಂತೆ. ಗಂಡಿನವರು ಬಂದ ದಿನ ಅದೇ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಿದ್ದಾಳೆ. ಬಂದವರಲ್ಲಿ ಹುಡುಗನ ಚಿಕ್ಕಪ್ಪ ಡಾಕ್ಟರು. ಒಳ್ಳೆಯ ಮನುಷ್ಯ. ಇದೇನಮ್ಮ ಇಷ್ಟು ಊದಿದೆ, ಕಾರಿನಲ್ಲಿ ಬ್ಯಾಗಿದೆ, ನಾನೇ ಒಂದು ಪೆನಿಸಿಲಿನ್ ಕೊಟ್ಟುಬಿಡ್ತೀನಿ ಅಂದರಂತೆ. ಕೊಡುವ ಮುಂಚೆ ಕೇಳಿಯೂ ಕೇಳಿದರಂತೆ: "ಹಿಂದೆ ತಗೊಂಡಾಗ ಏನಾದ್ರೂ ತೊಂದ್ರೆ ಆಗಿತ್ತೇನಮ್ಮ?"

ನಡುಮನೆಯಲ್ಲಿ ಅವಳ ಅಪ್ಪ ಇದ್ದರು, ಅಮ್ಮ ಇದ್ದರು. ಗೊತ್ತಿದ್ದವರೇ ಎಲ್ಲ. ಒಬ್ಬರೂ ತುಟಿ ಬಿಚ್ಚಲಿಲ್ಲ. ಅತ್ತಿಗೆ ಜಮಖಾನದ ಮೇಲೆ ತಲೆ ತಗ್ಗಿಸಿ ಕೂತಿದ್ದ ತಂಗಿಯ ಕಡೆ ಒಂದು ಸಲ ನೋಡಿ, "ಇಲ್ಲ" ಅಂದಳಂತೆ.

ಕಾಫಿ ಲೋಟ ಒಳಗೆ ಹೋಗುವಷ್ಟರಲ್ಲಿ...

ಇದನ್ನೆಲ್ಲ ನನಗೆ ಹೇಳಿದ್ದು ಆ ತಂಗಿಯೇ, ಆಮೇಲೆ, ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಾ. ಆ ಡಾಕ್ಟರು "ಕೇಳಿದ್ನಲ್ಲಾ, ನಾನು ಕೇಳಿದ್ನಲ್ಲಾ" ಅಂತ ಜಗಲಿಯ ಮೇಲೆ ಕೂತುಬಿಟ್ಟರಂತೆ. ಆ ಸಂಬಂಧವಾದರೂ ಕುದುರಿತೇ? ಅದೂ ಇಲ್ಲ. ಹೆಣ್ಣು ನೋಡುವ ಹೊತ್ತಲ್ಲೇ ಸಾವಾದ ಮನೆ ನಮಗೆ ಬೇಡ ಅಂದರು ಹುಡುಗನ ಮನೆಯ ಹಿರಿಯರು.

ಇಷ್ಟು ವರ್ಷವೂ ಅವಳನ್ನು ಬೈಯುತ್ತಲೇ ಬಂದೆ. ನನಗಿಂತ ದೊಡ್ಡವಳು, ತಿಳಿದವಳು, ಬಾಯಿ ಬಿಡಬಾರದಿತ್ತೇ ಅಂತ. ಮೊನ್ನೆಯೂ ಮನೆಗೆ ಬಂದು ಗೊಣಗುತ್ತಾ ಕೂತಿದ್ದೆ. ಅಷ್ಟರಲ್ಲಿ ಮೊಮ್ಮಗಳು ಕಾಲೇಜಿನಿಂದ ಬಂದಳು. ಸಾರಿಗೆ ಉಪ್ಪು ಸಾಲದು ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದಳು. ಯಾವಾಗಲೂ ಗದರುತ್ತಿದ್ದೆ, ಆವತ್ತು ಗದರಲಿಲ್ಲ. ಕೂಗಲಿ ಅನ್ನಿಸಿತು. ಅವಳ ಮುಖವನ್ನೇ ನೋಡುತ್ತಾ ಕೂತಾಗ ಹೊಳೆಯಿತು, ಹೋದಾಗ ಅತ್ತಿಗೆಗೂ ಹೆಚ್ಚುಕಡಿಮೆ ಇದೇ ವಯಸ್ಸು. ನಡುಮನೆ ತುಂಬ ದೊಡ್ಡವರು ಕೂತು ಬಾಯಿ ಮುಚ್ಚಿಕೊಂಡು, ಇಷ್ಟು ಚಿಕ್ಕ ಮಗುವಿನ ಕೈಲಿ "ಇಲ್ಲ" ಅನ್ನಿಸಿದರು. ಆ ಮಗುವನ್ನು ನಾನು ಅತ್ತಿಗೆ ಅಂತ ಕರೆಯುತ್ತಿದ್ದೆ.