ಹುಣಸೆಹಣ್ಣು ಅಳಿಸದ ಅಂಕಿ

ಮೂರನೆಯ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರುವಷ್ಟರಲ್ಲಿ ಹೊರಬಾಗಿಲ ಚಿಲಕ ಸದ್ದಾಗುತ್ತದೆ. ಇಳಕಲ್ಲಿನ ಈ ಓಣಿಯಲ್ಲಿ ಬೆಳಗಿನ ಏಳಕ್ಕೆ ಮುಂಚೆ ಬಾಗಿಲು ಬಡಿಯುವವರು ಹಾಲಿನವರು, ಇಲ್ಲವೆ ಬೀಗ ಕೆಟ್ಟು ಮನೆಯ ಹೊರಗೇ ಉಳಿದವರು. ಹಿಟ್ಟು ಹತ್ತಿದ ಕೈಯಲ್ಲೇ ಬಾಗಿಲು ತೆರೆದರೆ, ಎದುರಿಗೆ ಅರವತ್ತರ ಆಸುಪಾಸಿನ ಹೆಂಗಸು. ಕಂಕುಳಲ್ಲಿ ಹಳೆಯ ಸೀರೆಯ ಗಂಟು.

“ಅಹ್ಮದಸಾಬರ ಅಂಗಡಿ ಇದ ಅಲ್ಲೇನ್ರಿ? ಮೇಸ್ತ್ರಿ ಅದಾರೇನು?”

“ಮೇಸ್ತ್ರಿ ರೊಟ್ಟಿ ಬಡೀಲಿಕ್ಕತ್ತಾಳ್ರಿ. ಒಳಗ ಬರ್ರಿ ಅಕ್ಕಾರ, ಇನ್ನೆರಡ ಅದಾವು.”

ಹೆಂಗಸಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಗುತ್ತದೆ. ಆಮೇಲೆ ನಗುತ್ತಾರೆ. ಅವರ ಹೆಸರು ಕಸ್ತೂರಿ, ಊರು ಕುಳಗೇರಿ ಕ್ರಾಸಿನ ಆಚೆ. ರಾತ್ರಿ ಅಮೀನಗಡದ ತಂಗಿಯ ಮನೆಯಲ್ಲಿ ಉಳಿದು, ಮೊದಲ ಬಸ್ಸಿಗೆ ಬಂದಿದ್ದಾರೆ. ಗಂಟಿನೊಳಗೆ ಮರದ ಪೆಟ್ಟಿಗೆ, ಲೈಸೆನ್ಸ್ ಪುಸ್ತಕ, ಠಾಣೆಯವರು ಕೊಟ್ಟ ಅನುಮತಿ ಪತ್ರ. ಪೆಟ್ಟಿಗೆಯಲ್ಲಿ ಒಂದು ಹಳೆಯ ರಿವಾಲ್ವರ್.

ನಲವತ್ತೊಂದು ವರ್ಷದ ಮುಬಶೀರಾ ಅವರ ಕೆಲಸ ಇದೇ. ಬಾದಾಮಿ, ಹುನಗುಂದ, ಬಾಗಲಕೋಟೆ ಕಡೆಯ ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಮಲಗಿರುವ ರಿವಾಲ್ವರುಗಳು ಯಾವ ದೇಶದಲ್ಲಿ ಹುಟ್ಟಿದವು, ಯಾವ ಕಾಲದವು ಎಂದು ನೋಡಿ ಹೇಳುವುದು. ಆ ಕೆಲಸ ವರ್ಷವಿಡೀ ಇರುವುದಿಲ್ಲ. ಉಳಿದ ದಿನ ಹೊಲ ಕಾಯುವವರ ಲೈಸೆನ್ಸ್ ಬಂದೂಕು, ಹೊಲಿಗೆ ಯಂತ್ರ, ಬೀಗ ರಿಪೇರಿ ಮಾಡುತ್ತಾರೆ. “ಹೋದ ವರ್ಷ ಹದಿನೇಳ ರಿವಾಲ್ವರ್ ನೋಡೇನಿ. ಎಲ್ಲಾರೂ ನಮ್ಮ ಮುತ್ತಜ್ಜಂದು ಅಂತನ ತರ್ತಾರ. ಖರೆ ಹಳೇವು ಐದ ಇದ್ದೂ ನೋಡ್ರಿ,” ಎನ್ನುತ್ತಾರೆ. ಉಳಿದ ಹನ್ನೆರಡು ಮನೆಯವರ ಮುಖ ನೆನಪಾದರೆ ಈಗಲೂ ಅವರಿಗೆ ಸಂಕಟ.

ತಂದೆ ಅಹ್ಮದಸಾಬರ ಪಕ್ಕದಲ್ಲಿ ಕೆಲಸಕ್ಕೆ ಕೂತಾಗ ಮುಬಶೀರಾ ಅವರಿಗೆ ಒಂಬತ್ತು ವರ್ಷ. ತಂದೆಯ ಕಣ್ಣಿಗೆ ಪೊರೆ ಬರುತ್ತಿತ್ತು, ಸಣ್ಣ ಅಕ್ಷರ ಓದಲು ಮಗಳ ಕಣ್ಣು ಬೇಕಾಗಿತ್ತು. ಆರು ವರ್ಷದ ಹಿಂದೆ ತಂದೆ ತೀರಿಕೊಂಡ ಮೇಲೆ ಅಂಗಡಿಯ ಪರವಾನಗಿ ತಮ್ಮ ಹೆಸರಿಗೆ ಆಗಲು ಎರಡು ವರ್ಷ ಅಲೆದರು. ಹೋದಲ್ಲೆಲ್ಲ “ಯಜಮಾನರನ್ನ ಕಳಸ್ರಿ” ಎಂಬ ಮಾತು. ಕೊನೆಗೊಮ್ಮೆ ಬಸ್ ಡ್ರೈವರ್ ಆಗಿರುವ ಪತಿ ರಾಜಮಹ್ಮದ ಜೊತೆಗೆ ಹೋಗಿ, “ಸಾಹೇಬ್ರ, ನನಗ ಸ್ಕ್ರೂಡ್ರೈವರ್ ಹಿಡಿಯೂದೂ ಬರಂಗಿಲ್ರಿ. ಆಕಿನ್ನ ಕೇಳ್ರಿ,” ಎಂದು ಕೈಮುಗಿದು ಹೊರಗೆ ಬಂದು ಕೂತರಂತೆ.

ರೊಟ್ಟಿ ಮುಗಿಸಿ ಮುಬಶೀರಾ ಕೈ ತೊಳೆದು, ಒರೆಸಿಕೊಂಡು, ಕಿಟಕಿಯ ಬೆಳಕಿಗೆ ಕೂರುತ್ತಾರೆ. ಮೊದಲು ರಿವಾಲ್ವರಿನಲ್ಲಿ ಗುಂಡು ಕೂರುವ ಆರೂ ಮನೆಗಳನ್ನು ತಿರುಗಿಸಿ ಖಾಲಿ ಇವೆಯೇ ಎಂದು ಎರಡು ಸಲ ನೋಡುತ್ತಾರೆ, ಕಸ್ತೂರಿಯವರಿಗೂ ತೋರಿಸುತ್ತಾರೆ. ಆಮೇಲೆ ಇಲ್ಲಿನವರು ಘೋಡಾ ಎನ್ನುವ ಹಿಂಬದಿಯ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆಯುತ್ತಾರೆ. ಇದು ಪ್ರತಿ ಗುಂಡು ಹಾರಿಸುವಾಗಲೂ ಹಾಗೆ ಎಳೆಯಲೇಬೇಕಾದ ಅಮೆರಿಕಾದ ಜಾತಿ. ಟಿಕ್, ಟಿಕ್, ಟಿಕ್, ಟಿಕ್. ನಾಲ್ಕೂ ಸದ್ದು ಸರಿಯಾಗಿ ಕೇಳಿದ ಮೇಲೆ ತಲೆಯಾಡಿಸುತ್ತಾರೆ.

“ಗೌಸಿಯಾ, ಬರ್ಕೋ.”

ಹನ್ನೆರಡು ವರ್ಷದ ಮಗಳು ಸಾಲಿಯ ಸಮವಸ್ತ್ರದಲ್ಲೇ ನೋಟ್‌ಬುಕ್ ತೆರೆದು ಕೂತಿದ್ದಾಳೆ. ಅವಳ ಅಕ್ಷರ ದುಂಡಗೆ. ಎಲ್ಲ ವರದಿಯನ್ನೂ ಅವಳೇ ಬರೆಯುವುದು, ತಾಯಿ ಓದಿ ಸಹಿ ಹಾಕುವುದು. ಮುಬಶೀರಾ ಮಗಳಿಗೆ ಏನನ್ನೂ ತಾವಾಗಿ ಹೇಳಿಕೊಡುವುದಿಲ್ಲ. ಭೂತಗನ್ನಡಿ ಕೈಗೆ ಕೊಟ್ಟು ಸುಮ್ಮನಾಗುತ್ತಾರೆ. ಅವಳೇ ಕೇಳಬೇಕು, ಕೇಳುವ ತನಕ ಕಾಯಬೇಕು. ಗೌಸಿಯಾಳೋ ಹೊರಗಿನವರ ಮುಂದೆ ಬಾಯಿ ಬಿಡದ ಹುಡುಗಿ.

ರಿವಾಲ್ವರಿನ ಮುಂಭಾಗದಲ್ಲಿ ಒಂದು ಸ್ಕ್ರೂ ಇದೆ, ಗುಂಡಿನ ಮನೆಗಳು ತಿರುಗುವ ನಡುಗಂಬಿಯನ್ನು ಹಿಡಿದಿರುವುದು ಅದೇ. ಮುಂದೆ ಬಂದವಕ್ಕೆ ಆ ಜಾಗದಲ್ಲಿ ಒತ್ತುವ ಗುಂಡಿ ಬಂತು. ಆದ್ದರಿಂದ ಇದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲಿನದು. ನಳಿಗೆಯ ಮೇಲೆ ಲಂಡನ್ನಿನ ವಿಳಾಸದ ನೆರಳು, ಪಕ್ಕದಲ್ಲಿ ಕಿರೀಟದ ಸಣ್ಣ ಮುದ್ರೆ. “ಅಮೆರಿಕಾದಾಗ ಹುಟ್ಟೇತ್ರಿ. ಲಂಡನ್ನಿನಾಗ ಪರೀಕ್ಷಾ ಪಾಸಾಗಿ ನಿಮ್ಮ ಮನಿಗೆ ಬಂದೈತಿ. ಅಲ್ಲಿನ ವಿಳಾಸದ ನೆರಳಷ್ಟ ಉಳದೈತಿ.”

“ನೆರಳು ಅಂತೀ. ಅಕ್ಷರ ಎಲ್ಲಿ ಹೋದೂ?”

“ನೀವ ತಿಂದೀರಿ.”

“ಅಯ್ಯ ಶಿವನ! ನಾ ಯಾಕ ತಿನ್ಲಿ?”

“ಖಂಡೇ ಪೂಜಿಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕೀರೋ ಇಲ್ಲೋ?”

ಕಸ್ತೂರಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಮಹಾನವಮಿಯ ಆಯುಧಪೂಜೆಗೆ ಹಿತ್ತಾಳೆ ಕೊಡಗಳ ಜೊತೆಗೆ ಇದನ್ನೂ ಹಿತ್ತಲಿಗೆ ಒಯ್ದು ಬೆಳಗುವುದು ಆ ಮನೆಯ ಸೊಸೆಯಂದಿರ ಕೆಲಸ. ಅತ್ತೆ ತಿಕ್ಕಿದರು, ಅತ್ತೆಯ ಅತ್ತೆ ತಿಕ್ಕಿದರು. “ನಾ ಅಂತೂ ಮೂವತ್ತೆಂಟ ವರ್ಷ ತಿಕ್ಕೇನಿ, ನನ್ನಂಗ ಬೆಳಗಾವ್ರ ಇಲ್ಲ ಅಂತ ಮಾವಾರು ಹೊಗಳ್ತಿದ್ರು,” ಎಂದು ನಾಚುತ್ತಾರೆ. ಈ ಕಡೆಯ ರಿವಾಲ್ವರುಗಳಿಗೆಲ್ಲ ಆ ಭಕ್ತಿಯ ಸವೆತ ಇದೆ. ಬೈದು ಪ್ರಯೋಜನವಿಲ್ಲ, ಎಷ್ಟು ಸವೆದಿದೆ ಎಂಬುದರಿಂದಲೇ ಎಷ್ಟು ತಲೆಮಾರು ಎಂದು ಅಂದಾಜು ಹಾಕುವುದನ್ನು ಮುಬಶೀರಾ ಕಲಿತಿದ್ದಾರೆ.

ಕಸ್ತೂರಿ ಈಗ ಮಡಿಸಿದ ಕಾಗದವೊಂದನ್ನು ಮುಂದಿಡುತ್ತಾರೆ. ಬಾಗಲಕೋಟೆಯ ಕಡೆ ಕೆಲವರು ಸೇರಿ ಒಂದು ಸಂಗ್ರಹಾಲಯ ತೆರೆಯುತ್ತಿದ್ದಾರೆ. ಮಾವ ಹೋದ ಮೇಲೆ ರಿವಾಲ್ವರನ್ನು ಅಲ್ಲಿಗೆ ಕೊಡುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಎಲ್ಲ ಭಾಗಗಳೂ ಮೂಲದವು ಎಂದು ಬಲ್ಲವರು ಬರೆದುಕೊಡಬೇಕಂತೆ. “ನಿಮ್ಮಪ್ಪ ಹಿಂದಕ ಬರದಕೊಟ್ಟಾರ. ಅದರ ಬುಡಕ ನಿಂದೊಂದ ಸಹಿ ಆದ್ರ ಮುಗೀತು, ತಂಗಿ.”

ತಂದೆಯದೇ ಅಕ್ಷರ. ‘ಮೂರೂ ಕಡೆ ಒಂದೇ ನಂಬರ್ ಇದೆ. ಯಾವ ಭಾಗವೂ ಬದಲಾಗಿಲ್ಲ.’ ಕೆಳಗೆ ಅಹ್ಮದಸಾಬ ಎಂದು ಸಹಿ.

ಮುಬಶೀರಾ ಭೂತಗನ್ನಡಿ ಎತ್ತುತ್ತಾರೆ. ರಿವಾಲ್ವರಿನ ಮೈಮೇಲಿನ ನಂಬರ್ ಅರ್ಧ ಅಳಿಸಿದೆ. ಟ್ರಿಗರಿನ ಸುತ್ತಲಿನ ಬೆರಳುಕಾಪಿನ ಮೇಲಿನದೂ ಅಷ್ಟೇ ಮಸುಕು. ಹಿಡಿಕೆಯ ಬೆನ್ನಿಗಿರುವ ಕಬ್ಬಿಣದ ಪಟ್ಟಿಯ ಮೇಲೆ ಅದೇ ನಂಬರ್, ಆದರೆ ಅಂಕಿಗಳ ಅಂಚು ಉಗುರಿಗೆ ತಾಕುವಷ್ಟು ಚೂಪು, ಮೂರರ ಕೆಳಹೊಟ್ಟೆಯಲ್ಲಿ ಸಣ್ಣದೊಂದು ಮುಕ್ಕು. ಮೂರು ತಲೆಮಾರಿನ ಹುಣಸೆಹಣ್ಣು ಎರಡು ಕಡೆ ತಿಂದು, ಮೂರನೆಯದನ್ನು ಮಾತ್ರ ಬಿಟ್ಟಿದೆ.

“ಅಕ್ಕಾರ, ಇದು ನಮ್ಮ ಅಂಗಡ್ಯಾಗ ಯಾವಾಗರ ಉಳದಿತ್ತೇನು?”

“ಉಳದಿತ್ತಲಾ! ಮಲಪ್ರಭಾ ಹೊಳಿ ಊರೊಳಗ ಬಂದಾಗ ಪೆಟಗಿ ವಾರಗಟ್ಟಲೆ ರಾಡ್ಯಾಗ ಬಿದ್ದಿತ್ತು. ಮಾವಾರು ಊಟ ಬಿಟ್ಟಿದ್ರು. ನಿಮ್ಮಪ್ಪ ಎರಡ ತಿಂಗಳ ಇಟಗೊಂಡು ಕೊಟ್ರು. ಏನೂ ಆಗಿಲ್ರಿ ಯಜಮಾನರ, ಎಲ್ಲಾ ನಿಮ್ಮ ಅಜ್ಜಂದ ಐತಿ ಅಂದ್ರು. ಅವತ್ತ ಮಾವಾರು ಉಂಡ್ರು.”

ಆ ಎರಡು ತಿಂಗಳು ಮುಬಶೀರಾ ಪತಿಯ ಊರಲ್ಲಿದ್ದರು. ಪಟ್ಟಿಯ ಅಂಚಿನ ಮೇಲೆ ಬೆರಳು ಆಡಿಸುತ್ತಾರೆ. ಕೂದಲೂ ಹೋಗದ ಹಾಗೆ ಕೂಡಿಸಿದ ಸಂದು. ತುಕ್ಕು ತಿಂದ ಪಟ್ಟಿಯ ಜಾಗಕ್ಕೆ ಬರೀ ಅರದಿಂದ ತಿಕ್ಕಿ ತಿಕ್ಕಿ ಇಂಥದೊಂದನ್ನು ಮಾಡಲು, ಪೊರೆ ಬಂದ ಕಣ್ಣಿನ ಮನುಷ್ಯನಿಗೆ ಎಷ್ಟು ದಿನ ಹಿಡಿದಿರಬೇಕು! ಮುಬಶೀರಾ ಅವರಿಗೆ ಆ ಕೈಕೆಲಸ ಬರುವುದಿಲ್ಲ. ಇಂದಿಗೂ ಬರುವುದಿಲ್ಲ.

ಸಹಿ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಹಾಕದಿದ್ದರೆ ತಂದೆಯ ಮಾತು ಸುಳ್ಳಾಗುತ್ತದೆ, ಮತ್ತು ಈ ಅಂಗಡಿಗೆ ಇರುವುದೆಲ್ಲ ಆ ಮಾತಿನ ಬಲವೇ. ಹನ್ನೆರಡು ಮನೆಗಳಿಗೆ ನಿಮ್ಮದು ಹಳೆಯದಲ್ಲ ಎಂದು ಹೇಳಿದ ಬಾಯಿಗೆ ಈಗ ತನ್ನ ಮನೆಯ ಸರದಿ.

“ಯಾಕ ತಂಗಿ, ಏನರ ಕೊರತಿ ಐತೇನು?” ಕಸ್ತೂರಿಯವರ ದನಿ ಇಳಿಯುತ್ತದೆ.

“ಒಂದ ನಿಮಿಷ ತಡೀರಿ, ಅಕ್ಕಾರ.”

ಮುಬಶೀರಾ ಎದ್ದು ಮೇಲಿನ ಹಲಗೆಯಿಂದ ತಗಡಿನ ಡಬ್ಬಿ ಇಳಿಸುತ್ತಾರೆ. ಒಳಗೆ ತಂದೆಯ ಅಂಕಿ ಮೊಳೆಗಳು, ಕಬ್ಬಿಣದ ಮೇಲೆ ಸುತ್ತಿಗೆಯಿಂದ ಹೊಡೆದು ನಂಬರ್ ಮೂಡಿಸುವಂಥವು. ಮೂರರ ಮೊಳೆ ಹುಡುಕಿ ತಾಮ್ರದ ತುಂಡಿನ ಮೇಲೆ ಇಟ್ಟು ಒಂದೇ ಏಟು ಹೊಡೆಯುತ್ತಾರೆ. ಮೂರರ ಕೆಳಹೊಟ್ಟೆಯಲ್ಲಿ ಸಣ್ಣದೊಂದು ಮುಕ್ಕು. ತಾಮ್ರದ ತುಂಡನ್ನು ರಿವಾಲ್ವರಿನ ಬೆನ್ನಪಟ್ಟಿಯ ಪಕ್ಕದಲ್ಲಿ, ಕಸ್ತೂರಿಯವರಿಗೂ ಕಾಣುವ ಹಾಗೆ ಇಡುತ್ತಾರೆ. ಆಮೇಲೆ ಭೂತಗನ್ನಡಿಯನ್ನು ಮಗಳ ಕಡೆಗೆ ಚಾಚುತ್ತಾರೆ.

“ನೀ ನೋಡವಾ.”

ಗೌಸಿಯಾ ಬಗ್ಗಿ ನೋಡುತ್ತಾಳೆ. ತಾಮ್ರವನ್ನು ನೋಡಿ, ಪಟ್ಟಿಯನ್ನು ನೋಡಿ, ಮತ್ತೆ ತಾಮ್ರಕ್ಕೆ ಬರುತ್ತಾಳೆ. ಸಾಲಿಗೆ ಹೊತ್ತಾಗಿದೆ, ಒಲೆಯ ಮೇಲಿನ ಹಂಚು ಸುಮ್ಮನೆ ಕಾಯುತ್ತಿದೆ. ತಾಯಿ ಅವಸರ ಮಾಡುವುದಿಲ್ಲ. ಮಗಳ ಹೆರಳಿನಿಂದ ಬಿಚ್ಚಿದ ರಿಬ್ಬನ್ನನ್ನು ಮತ್ತೆ ಗಂಟು ಹಾಕುತ್ತ ನಿಲ್ಲುತ್ತಾರೆ. ಹುಡುಗಿ ಬಾಯಿ ತೆರೆದು, ಹೊರಗಿನವರನ್ನು ನೋಡಿ ಮುಚ್ಚುತ್ತಾಳೆ. ತಾಯಿಯ ಮುಖ ನೋಡುತ್ತಾಳೆ. ಅಲ್ಲಿ ತಡೆಯಿಲ್ಲ. ಹೂಂ, ಕೇಳು ಎನ್ನುವಂತೆ ಮುಬಶೀರಾ ಅವಳ ಬೆನ್ನ ಮೇಲೆ ಕೈ ಇಡುತ್ತಾರೆ.

ತಾಯಿಯ ತಂದೆಯನ್ನು ಅವಳು ನಾನಾ ಎನ್ನುತ್ತಿದ್ದಳು. ಆರು ವರ್ಷದಿಂದ ಈ ಮನೆಯಲ್ಲಿ ಆ ಹೆಸರನ್ನು ಅಳದೆ ಹೇಳಿದವರಿಲ್ಲ. ಈಗ ಅವಳ ದನಿ ಗಟ್ಟಿಯಾಗಿ, ಕಸ್ತೂರಿಯವರಿಗೂ ಕೇಳುವಂತೆ ಬರುತ್ತದೆ.

“ಅಮ್ಮಿ, ಇಷ್ಟ ಚಂದ ಪಟ್ಟಿ ನಮ್ಮ ನಾನಾ ಮಾಡಿದ್ದಲ್ಲೇನು?”